ಮೀಟರಿಗೆ ಮೂವತ್ತೈದು

ಜುಲೈ 6, ಭಾನುವಾರ

ಪ್ರಥಮ ಏಕಾದಶಿ. ಉಪವಾಸದ ಅವಲಕ್ಕಿ ಮುಗಿಸಿ ಇವರು ಮನ್ಸೂರರ ಎಲ್‌ಪಿ ಹಾಕಿದರು. ಬಲಗಡೆ ಸ್ಪೀಕರು ಬರುತ್ತೆ, ಹೋಗುತ್ತೆ. ಪ್ಲಗ್ಗಿನ ಬುಡದಲ್ಲಿ ವೈರನ್ನು ಬಗ್ಗಿಸಿ ಹಿಡಿದರೆ ಸರಿ. ಟರ್ನ್‌ಟೇಬಲ್ ಜೊತೆ ಪುಕ್ಕಟೆ ಬಂದ ವೈರು. ಅಚ್ಚು ಹೊಯ್ದ ಪ್ಲಗ್ಗು, ಬಿಚ್ಚುವ ಹಾಗಿಲ್ಲ. ಒಳಗೆ ತುಂಡಾಗಿದೆ.

"ಇದನ್ನ ಬಿಸಾಕೋಣ. ಒಂದು ಒಳ್ಳೇದು ತರೋಣ" ಅಂದರು. ಒಳ್ಳೇದು ಅಂದರೆ ಎಷ್ಟು ಅಂತ ನಾನು ಕೇಳಲಿಲ್ಲ.

ಸಂಜೆ ಇನ್ನೊಂದು ಮಾತು. ಈಚೆಗೆ ರೆಕಾರ್ಡೆಲ್ಲ ಮಂಕಾಗಿ ಕೇಳುತ್ತಂತೆ. ತಂಬೂರಿಯ ಝೇಂಕಾರ ಮೊದಲಿನ ಹಾಗಿಲ್ಲವಂತೆ. ವೈರೇ ಕಾರಣವಂತೆ. ವೈರು ತುಂಡಾದರೆ ಸದ್ದೇ ಹೋಗುತ್ತೆ, ಮಂಕಾಗುವುದಿಲ್ಲ. ಹೇಳಲಿಲ್ಲ. ಹಸಿದವರ ಜೊತೆ ವಾದ ಬೇಡ.

ಜುಲೈ 8, ಮಂಗಳವಾರ

ಒಳ್ಳೇದು ಅಂದರೆ 12,000.

ಇಂದಿರಾನಗರದ ಒಂದು ಷೋರೂಮಿಗೆ ಹೋಗಿ ಬಂದಿದ್ದಾರೆ. ಒಂದು ಮೀಟರ್, ಒಂದು ಜೊತೆ. ಬೆಳ್ಳಿ ಲೇಪ, ಮೇಲೆ ಹಾವಿನ ಪೊರೆಯಂಥ ಜಾಲರಿ, ಪ್ಲಗ್ಗಿನ ಮೇಲೆ ಬಾಣದ ಗುರುತು. ಫೋನಿನಲ್ಲಿ ಫೋಟೋ ತೆಗೆದು ತಂದಿದ್ದಾರೆ, ಹೆಣ್ಣಿನ ಫೋಟೋ ತೋರಿಸುವ ಹಾಗೆ ತೋರಿಸಿದರು. ಟರ್ನ್‌ಟೇಬಲ್ಲೇ ಇಪ್ಪತ್ತೆರಡು ಸಾವಿರದ್ದು. ಅದರ ಅರ್ಧದಷ್ಟು ಒಂದು ವೈರಿಗೆ.

"ನಾನೇ ಮಾಡ್ತೀನಿ" ಅಂದೆ.

"ನೀನಾ?"

ಮೂವತ್ತು ವರ್ಷದಿಂದ ಬಿಎಸ್ಸಿ ಹುಡುಗರಿಗೆ ಕೆಪ್ಯಾಸಿಟೆನ್ಸ್ ಪಾಠ ಮಾಡುವವಳನ್ನು ಕೇಳುವ ಪ್ರಶ್ನೆಯಾ ಇದು. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ, ಮಿಕ್ಸಿ, ಡೋರ್ ಬೆಲ್ ಎಲ್ಲಕ್ಕೂ ಸೋಲ್ಡರಿಂಗ್ ಐರನ್ ಹಿಡಿದದ್ದು ಯಾರು? ಆದರೆ ಇವರ ಲೆಕ್ಕದಲ್ಲಿ ಸಂಗೀತದ ವೈರು ಬೇರೆ ಜಾತಿ.

ಜುಲೈ 9, ಬುಧವಾರ

ಹಳೆ ವೈರನ್ನು ವ್ಯಾನಿಟಿ ಬ್ಯಾಗಿನಲ್ಲಿ ಸುತ್ತಿಕೊಂಡು ಕಾಲೇಜಿಗೆ ಒಯ್ದೆ. ಲ್ಯಾಬಿನಲ್ಲಿ ಎಲ್‌ಸಿಆರ್ ಮೀಟರ್ ಖಾಲಿ ಇತ್ತು. ಎಡಗಡೆಯದು ಇನ್ನೂ ನೆಟ್ಟಗಿದೆ, ಅದನ್ನೇ ಅಳೆದೆ. ಒಂದು ತುದಿ ಖಾಲಿ ಬಿಟ್ಟು ಇನ್ನೊಂದು ತುದಿಯಲ್ಲಿ ನಡುವಿನ ಕಡ್ಡಿಗೂ ಹೊರಗಿನ ಬಳೆಗೂ ನಡುವೆ ಕ್ಲಿಪ್ಪು. 390 ಪೀಕೋಫ್ಯಾರಡ್. ಉದ್ದ ಒಂದೂವರೆ ಮೀಟರ್. ಅಂದರೆ ಮೀಟರಿಗೆ 260.

ಇದು ಹೆಚ್ಚಾಯಿತು. ಕಾರ್ಟ್ರಿಡ್ಜು ಆಡಿಯೋ ಟೆಕ್ನಿಕಾ ವಿಎಂ95ಇ. ಕಂಪನಿಯವರೇ ಹೇಳುವುದು, ಎಲ್ಲ ಸೇರಿ 100ರಿಂದ 200 ಪೀಕೋಫ್ಯಾರಡ್ ಒಳಗಿರಲಿ ಅಂತ. ನಮ್ಮ ಪ್ರೀಆಂಪಿನದು 100, ಟೋನ್‌ಆರ್ಮಿನೊಳಗಿನ ಎಳೆಗಳದು ಸುಮಾರು 60. ವೈರಿನ 390 ಸೇರಿದರೆ 550.

ಕಾರ್ಟ್ರಿಡ್ಜಿನೊಳಗಿನ ಸುರುಳಿ 550 ಮಿಲಿಹೆನ್ರಿ. ಸುರುಳಿ ಒಂದು ಕಡೆ, ಕೆಪ್ಯಾಸಿಟೆನ್ಸ್ ಇನ್ನೊಂದು ಕಡೆ: ಎರಡೂ ಕೂಡಿದರೆ ಅನುರಣನ ತಪ್ಪಿದ್ದಲ್ಲ. ಲೆಕ್ಕ ಹಾಕಿದರೆ 9,150 ಹರ್ಟ್ಜ್ ಹತ್ತಿರ ಬರುತ್ತೆ. ಅದರ ಕೆಳಗೆ, 7, 8 ಸಾವಿರದ ಆಸುಪಾಸಿನಲ್ಲಿ, ಮೂರೂವರೆ ಡೆಸಿಬೆಲ್ ಉಬ್ಬು. ಮೇಲೆ ಜಾರುಬಂಡೆ; 15 ಸಾವಿರಕ್ಕೆ ಆರು ಡೆಸಿಬೆಲ್ ಕೆಳಗೆ.

ಅಂದರೆ ಇವರು ಹೇಳಿದ್ದು ಸುಳ್ಳಲ್ಲ. ವೈರಿನಿಂದ ಮಂಕಾಗುತ್ತೆ. ಏಕಾದಶಿಯ ದಿನ ಬಾಯಿ ಬಿಡದೆ ಇದ್ದದ್ದು ಒಳ್ಳೆಯದೇ ಆಯಿತು.

ಆದರೆ ಮಂಕಾದದ್ದು ‘ಈಚೆಗೆ’ ಹೇಗೆ? ವೈರು ಮೊದಲ ದಿನದಿಂದಲೂ ಇದೇ.

ಜುಲೈ 12, ಎರಡನೇ ಶನಿವಾರ

ಎಸ್.ಪಿ. ರೋಡು. ಕೆ.ಆರ್. ಮಾರ್ಕೆಟ್ ಸ್ಟೇಷನ್ನಿನಲ್ಲಿ ಇಳಿದು ನಡೆದೆ. ಮಳೆ ಹನಿ, ಕೆಸರು, ತಳ್ಳುಗಾಡಿಯ ಮೇಲೆ ಹಳೆ ಕೀಬೋರ್ಡು, ಚಾರ್ಜರುಗಳ ರಾಶಿ. ಇವರೂ ಬಂದಿದ್ದರು, ಕೊಡೆ ಹಿಡಿಯಲು. ಪ್ರಶ್ನೆ ಕೇಳುವುದು ನಾನು, ಅಂಗಡಿಯವರು ಉತ್ತರ ಹೇಳುವುದು ಇವರಿಗೆ. ಇವರು ಬ್ಯಾಂಕಿನವರು, ಗಂಭೀರವಾಗಿ ತಲೆ ಆಡಿಸುತ್ತಾರೆ.

"ಆರ್‌ಜಿ-59 ಇದೆಯಾ? ಜಾಲರಿ ತಾಮ್ರದ್ದೇ ಬೇಕು."

"ಕ್ಯಾಮೆರಾಗಾ ಮೇಡಂ? ತ್ರೀ ಪ್ಲಸ್ ಒನ್ ತಗೊಳ್ಳಿ, ಎಲ್ಲರೂ ಅದೇ ತಗೊಳ್ಳೋದು."

"ಕ್ಯಾಮೆರಾಗಲ್ಲ. ಆಡಿಯೋಗೆ."

"ಆಡಿಯೋಗೆ ರೆಡಿಮೇಡ್ ಇದೆಯಲ್ಲ, ನಲವತ್ತು ರೂಪಾಯಿ."

ಮೂರನೆಯ ಅಂಗಡಿಯಲ್ಲಿ ಒಬ್ಬ ಮುದುಕರು. ಮಾತಿಲ್ಲ. ಸುರುಳಿ ಇಳಿಸಿ, ತುದಿ ಸುಲಿದು, ಜಾಲರಿಯನ್ನು ಉಗುರಿನಿಂದ ಕೆದರಿ ತೋರಿಸಿದರು. ಕೆಂಪು. ಒಳಗಿನ ಕಂಬಿಯನ್ನು ಕಟರಿನಿಂದ ಕತ್ತರಿಸಿ ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿದರು. ಅದೂ ಕೆಂಪು. ಮೀಟರಿಗೆ 35. ಐದು ಮೀಟರ್ ಕಟ್ ಮಾಡಿಸಿದೆ.

ಹೋಲಿಕೆಗೆ ಬೇರೆ ಎರಡು: ನಮ್ಮೂರಿನದೇ ಮೈಕ್ ಕೇಬಲ್, ಎರಡು ಎಳೆ, ಮೇಲೆ ತಾಮ್ರದ ಹೊದಿಕೆ, ಮೀಟರಿಗೆ 45. ಜಪಾನಿನ ಕನಾರೆ ನಾಲ್ಕೆಳೆಯದು, ಮೀಟರಿಗೆ 190. ಅದನ್ನು ಒಂದೇ ಮೀಟರ್, ಆಸೆಗೆ. ಪ್ಲಗ್ಗು ಕೊಳ್ಳುವಾಗ ವೈರಿನ ತುಂಡನ್ನು ತೂರಿಸಿ ನೋಡಿದೆ. ಆರ್‌ಜಿ-59 ಆರು ಮಿಲಿಮೀಟರ್ ದಪ್ಪ, ಅರ್ಧಕ್ಕರ್ಧ ಪ್ಲಗ್ಗುಗಳ ಹಿಂಬದಿಯಲ್ಲಿ ಹೋಗುವುದೇ ಇಲ್ಲ. ಹೋಗುವಂಥದ್ದು ಸಿಕ್ಕಿತು, ಒಂದಕ್ಕೆ 60. ವೈರಿಗಿಂತ ಪ್ಲಗ್ಗಿಗೇ ಜಾಸ್ತಿ ದುಡ್ಡು.

ಬರುವಾಗ ಇವರು: "ಅಷ್ಟು ಕಮ್ಮಿ ಬೆಲೇದು ಹೇಗೆ ಚೆನ್ನಾಗಿರುತ್ತೆ?"

ಜುಲೈ 13, ಭಾನುವಾರ

ಊಟದ ಮೇಜಿನ ಮೇಲೆ ಹಳೆ ಪ್ರಜಾವಾಣಿ ಹಾಸಿ ಎಲ್ಲ ತುಂಡುಗಳನ್ನೂ ಸಾಲಾಗಿ ಇಟ್ಟೆ. ಕೊಂಡದ್ದರ ಜೊತೆ ಮನೆಯಲ್ಲೇ ಬಿದ್ದಿದ್ದವೂ: ಡಿಶ್ಶಿನ ಆರ್‌ಜಿ-6, ಅಪಾರ್ಟ್‌ಮೆಂಟಿಗೆ ಸಿಸಿಟಿವಿ ಹಾಕಿದವರು ಬಿಟ್ಟುಹೋದ ತ್ರೀ ಪ್ಲಸ್ ಒನ್, ಮಗ ಪುಣೆಗೆ ಹೋಗುವಾಗ ಉಳಿಸಿದ ಕ್ಯಾಟ್-6.

ಬ್ಲೇಡು, ಫ್ರಿಡ್ಜಿನ ಮೇಲಿದ್ದ ಧರ್ಮಸ್ಥಳದ ಮ್ಯಾಗ್ನೆಟ್ಟು. ಇವೆರಡು ಸಾಕು.

ಡಿಶ್ಶಿನ ವೈರಿನ ನಡುಕಂಬಿ ಮ್ಯಾಗ್ನೆಟ್ಟಿಗೆ ಟಪ್ಪನೆ ಹಿಡಿಯಿತು. ಒಳಗೆ ಉಕ್ಕು, ಮೇಲೆ ತಾಮ್ರದ ಲೇಪ. ಮೋಸ ಅಲ್ಲ ಇದು. ಡಿಶ್ಶಿನಿಂದ ಬರುವುದು ಸಾವಿರ, ಎರಡು ಸಾವಿರ ಮೆಗಾಹರ್ಟ್ಜ್, ಅಲ್ಲಿ ಕರೆಂಟು ಹೊರಚರ್ಮದಲ್ಲೇ ಓಡುತ್ತೆ, ಒಳಗೆ ಏನಿದ್ದರೇನು. ನಮ್ಮ ಕೆಲಸಕ್ಕೂ ಆಗುತ್ತಿತ್ತು, ಕೆಪ್ಯಾಸಿಟೆನ್ಸ್ ಎಲ್ಲಕ್ಕಿಂತ ಕಡಿಮೆ, ಮೀಟರಿಗೆ 53ರಷ್ಟೆ. ಆದರೆ ಜಾಲರಿ ಅಲ್ಯುಮಿನಿಯಂ. ಸಾಮಾನ್ಯ ಲೆಡ್ಡು ಅದಕ್ಕೆ ಹತ್ತುವುದಿಲ್ಲ, ಕಮಲದೆಲೆಯ ಮೇಲಿನ ನೀರಿನ ಹಾಗೆ ಉರುಳಿ ಬೀಳುತ್ತೆ. ಅದರ ಪ್ಲಗ್ಗು ತಿರುಗಿಸಿ ಕೂರಿಸುವ ಜಾತಿ, ಬೆಸುಗೆಯದಲ್ಲ.

ತ್ರೀ ಪ್ಲಸ್ ಒನ್ನಿನ ಕಂಬಿ ಮ್ಯಾಗ್ನೆಟ್ಟಿಗೆ ಹಿಡಿಯಲಿಲ್ಲ, ಆದರೆ ಬ್ಲೇಡಿನಿಂದ ಹೆರೆದರೆ ಒಳಗೆ ಬಿಳಿ. ತಾಮ್ರ ಮುಚ್ಚಿದ ಅಲ್ಯುಮಿನಿಯಂ. ಎರಡು ಸಲ ಬಗ್ಗಿಸಿದರೆ ಮುರಿಯಿತು. ಆಚೆ.

ಆರ್‌ಜಿ-59 ಹೆರೆದಷ್ಟೂ ಕೆಂಪು.

ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ. ನಡುಕಂಬಿ 0.58 ಮಿಮೀ, ಸುತ್ತಲಿನ ಪಾಲಿಥೀನು 3.7 ಮಿಮೀ, ಪಾಲಿಥೀನಿನ ಡೈಎಲೆಕ್ಟ್ರಿಕ್ ಕಾನ್‌ಸ್ಟೆಂಟ್ 2.25. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಅಳಿಸುವ ಅದೇ ಸೂತ್ರ. 67.5 ಪೀಕೋಫ್ಯಾರಡ್ ಮೀಟರಿಗೆ. ಇಷ್ಟು ವರ್ಷ ಗಾಳಿಯಲ್ಲಿ ಬರೆದದ್ದು ಮೊದಲ ಸಲ ಕೈಗೆ ಸಿಕ್ಕ ಹಾಗೆ. ಪುಕ್ಕಟೆ ವೈರಿಗೆ 260 ಯಾಕೆ ಅಂದರೆ ಒಳಗಿನ ಹೊದಿಕೆ ತೆಳು, ಅದೂ ಪಿವಿಸಿ; ಪಿವಿಸಿಯ ಕಾನ್‌ಸ್ಟೆಂಟು ಪಾಲಿಥೀನಿಗಿಂತ ಜಾಸ್ತಿ.

ಇವರು ಹಿಂದೆ ನಿಂತು ನೋಡಿ ಹೋದರು. ಏನೂ ಅನ್ನಲಿಲ್ಲ.

ಜುಲೈ 15, ಮಂಗಳವಾರ, ರಾತ್ರಿ 11

ಮೌಲ್ಯಮಾಪನ ರಾಶಿ ಬಿದ್ದಿದೆ. ಮಳೆ ನಿಂತ ಮೇಲೆ ಹಿತ್ತಲಿನ ಜೀರುಂಡೆ ಕಿವಿ ಹರಿಯುವಷ್ಟು. "ಕಿಟಕಿ ಹಾಕಿ ರೀ" ಅಂದೆ.

"ಚಳಿಯಾಗುತ್ತಾ?"

"ಜೀರುಂಡೆ ಗಲಾಟೆ."

ಒಂದು ಗಳಿಗೆ ನಿಂತು, ಕಿಟಕಿ ಹಾಕಿದರು.

ಜುಲೈ 16, ಬುಧವಾರ

ಲ್ಯಾಬಿನಲ್ಲಿ ತುಂಡುಗಳ ಅಳತೆ. ಆರ್‌ಜಿ-59, ಮೀಟರಿಗೆ 68. ಸೂತ್ರಕ್ಕೆ ಎಷ್ಟು ಹತ್ತಿರ! ಮೈಕ್ ಕೇಬಲ್ಲಿನ ಎರಡೂ ಎಳೆ ಸೇರಿಸಿ ಹೊದಿಕೆಗೆ ಅಳೆದರೆ 250. ಕನಾರೆಯದರಲ್ಲಿ ಎಳೆಗೆ ಎಳೆಗೆ 150ರ ಸುತ್ತ ಅಂತ ಕಂಪನಿಯ ಪಟ್ಟಿ. ಹೊದಿಕೆಗೆ ಅದಕ್ಕಿಂತ ಜಾಸ್ತಿ. ಅದು ಮೈಕಿಗೆಂದೇ ಮಾಡಿದ್ದು. ನಾಲ್ಕೆಳೆ ಹೆಣೆದದ್ದು ಹೊರಗಿನ ಹಮ್ಮು ಹತ್ತಿರ ಬರದಿರಲೆಂದು. ಮೈಕಿನ ಇಂಪೀಡೆನ್ಸು 150, 200 ಓಮ್. ಅದಕ್ಕೆ ಈ ಕೆಪ್ಯಾಸಿಟೆನ್ಸು ಲೆಕ್ಕಕ್ಕೇ ಇಲ್ಲ. ಟರ್ನ್‌ಟೇಬಲಿಗೆ ತಂದರೆ ಲೆಕ್ಕಕ್ಕೆ ಬರುತ್ತೆ. ದುಬಾರಿ ವೈರು ತಪ್ಪು ಜಾಗದಲ್ಲಿ ತಪ್ಪೇ.

ಅಟೆಂಡರ್ ಕೇಳಿದ, "ಮೇಡಂ, ಕೇಬಲ್ ಟಿವಿ ಬಿಸಿನೆಸ್ಸಾ?"

ಜುಲೈ 20, ಭಾನುವಾರ

ಮಾಡಿಯಾಯಿತು. ಬರೆದಿಡಬೇಕು, ಮುಂದಿನ ಸಲಕ್ಕೆ ಬೇಕಾಗುತ್ತೆ.

ಎಪ್ಪತ್ತೈದು ಸೆಂಟಿಮೀಟರ್, ಎರಡು ತುಂಡು. ಕಪಾಟಿನಿಂದ ಪ್ರೀಆಂಪಿಗೆ ಇಷ್ಟು ಸಾಕು. ಉದ್ದ ಕಡಿಮೆಯಾದಷ್ಟೂ ಕೆಪ್ಯಾಸಿಟೆನ್ಸ್ ಪುಕ್ಕಟೆ ಕಡಿಮೆ. ಹೊರ ಸಿಪ್ಪೆಯನ್ನು ಎರಡು ಸೆಂಟಿಮೀಟರಿನಷ್ಟು ಸುಲಿದೆ, ಬ್ಲೇಡು ಜಾಲರಿಗೆ ತಾಗದ ಹಾಗೆ. ಜಾಲರಿಯನ್ನು ಕತ್ತರಿಸಬಾರದು. ಸೇಫ್ಟಿ ಪಿನ್ನಿನಿಂದ ಒಂದೊಂದೇ ಎಳೆ ಬಿಡಿಸಬೇಕು, ಸಿಕ್ಕುಗಟ್ಟಿದ ಜಡೆ ಬಿಡಿಸುವವರಿಗೆ ಇರುವಷ್ಟೇ ತಾಳ್ಮೆ ಬೇಕು. ಬಿಡಿಸಿ, ಎಲ್ಲ ಎಳೆಯನ್ನೂ ಒಂದು ಪಕ್ಕಕ್ಕೆ ತಂದು ಹೊಸೆದು, ಮೊದಲೇ ಲೆಡ್ಡು ಕುಡಿಸಿಟ್ಟೆ. ಪ್ಲಗ್ಗಿನ ಚಿಪ್ಪನ್ನು ವೈರಿಗೆ ತೂರಿಸಿ ಆಮೇಲೆ ಐರನ್ ಕೈಗೆ.

ಸೋಲ್ಡ್ರಾನ್ 25 ವ್ಯಾಟಿನದು, 60/40 ಲೆಡ್ಡು. ಪಾಲಿಥೀನು ಬಿಸಿ ತಾಳುವುದಿಲ್ಲ. ಐರನ್ ಹೆಚ್ಚು ಹೊತ್ತು ಇಟ್ಟರೆ ಮೆತ್ತಗಾಗಿ ನಡುಕಂಬಿ ಪಕ್ಕಕ್ಕೆ ಸರಿದು ಜಾಲರಿಗೆ ತಾಗುತ್ತೆ. ಪ್ಲಗ್ಗಿನ ಲೋಹವನ್ನು ಮೊದಲು ಕಾಯಿಸಿ, ಅದು ಲೆಡ್ಡನ್ನು ತಾನೇ ಎಳೆದುಕೊಳ್ಳುವಾಗ ಕಂಬಿಯನ್ನು ಒಳಗಿಟ್ಟು ಐರನ್ ತೆಗೆದುಬಿಡುವುದು. ಊದಬಾರದು. ಅಲುಗಾಡಿಸಬಾರದು. ಆರಿದ ಮೇಲೆ ಹೊಳೆಯಬೇಕು. ಬೂದಿ ಬಣ್ಣ ಬಂದರೆ ಮತ್ತೆ ಕಾಯಿಸು. ಎಲ್ಲವೂ ಹೊಳೆದವು. ಮನೆಯೆಲ್ಲ ರಾಳದ ವಾಸನೆ. ಇವರಿಗೆ ಕೆಮ್ಮು.

ಮೀಟರಿನಲ್ಲಿ ಒಂದೊಂದಕ್ಕೆ 55. ಎಲ್ಲ ಸೇರಿ 215. ಅನುರಣನ 14,600ಕ್ಕೆ ಹೋಯಿತು. ಉಬ್ಬು ಇಲ್ಲವೆನ್ನುವಷ್ಟು, 15 ಸಾವಿರದವರೆಗೆ ನೆಟ್ಟಗೆ. ಹಿಂದೆ ಯಾವ ಕೆಲಸವೂ ಕಾಗದದ ಮೇಲೆ ಇಷ್ಟು ಚೆನ್ನಾಗಿ ಬಂದದ್ದು ನೆನಪಿಲ್ಲ.

ರಾತ್ರಿ 9

ಅದೇ ಮನ್ಸೂರರ ಎಲ್‌ಪಿ. ನನಗೆ ತಂಬೂರಿ ಬಿಡಿಸಿಟ್ಟ ಹಾಗೆ ಕೇಳಿತು. ‘ಸ’ ‘ಶ’ಗಳು ಚುಚ್ಚುವುದು ಹೋಗಿದೆ.

ಇವರು ಕಣ್ಣು ಮುಚ್ಚಿ ಪೂರ್ತಿ ಬದಿ ಕೇಳಿದರು. ಎದ್ದರು.

"ಇನ್ನೂ ಮಂಕಾಯ್ತಲ್ಲೇ."

ಜುಲೈ 21, ಸೋಮವಾರ

ಇವತ್ತು ಏನೂ ಬರೆಯುವುದಿಲ್ಲ.

ಜುಲೈ 24, ಗುರುವಾರ

ಭೀಮನ ಅಮಾವಾಸ್ಯೆ. ಬೆಳಿಗ್ಗೆ ಇವರ ಪಾದಪೂಜೆ, ಸಂಜೆ ಇವರೊಂದಿಗೆ ಜಗಳ. ವರ್ಷಕ್ಕೊಮ್ಮೆ ಹೀಗಾಗುವುದುಂಟು.

12,000ದ ವೈರು ಮತ್ತೆ ಎದ್ದಿತು. "ಮೂವತ್ತೈದು ರೂಪಾಯಿಯ ವೈರಿನಲ್ಲಿ ಮನ್ಸೂರರು ಬರ್ತಾರಾ?" ಅಂದರು. ಮನ್ಸೂರರು ಬರುವುದು ನಾಲ್ಕು ಮಿಲಿವೋಲ್ಟಿನಲ್ಲಿ, ವೈರಿಗೆ ಅವರ ಬೆಲೆ ಗೊತ್ತಿಲ್ಲ ಅಂದೆ. ಮಾತು ಚುರುಕಾಗಿತ್ತು, ಆಡಬಾರದಿತ್ತೇನೋ.

1982, 83ರಲ್ಲಿ ಇವರಿಗೆ ಧಾರವಾಡದ ಬ್ರಾಂಚು. ಮನ್ಸೂರರನ್ನು ಎದುರಿಗೆ ಕೂತು ಕೇಳಿದವರು. ನಾನು ಕೇಳಿಲ್ಲ. ನನ್ನ ಹತ್ತಿರ ಇರುವುದು ಗ್ರಾಫು. ಅವರ ಹತ್ತಿರ ಇರುವುದು ನಲವತ್ತು ವರ್ಷ ಹಿಂದಿನ ಒಂದು ಸಂಜೆ. ಹೋಲಿಸುವುದು ಯಾವುದರ ಜೊತೆ ಯಾವುದನ್ನು?

ಜುಲೈ 26, ಶನಿವಾರ

ಮಗನಿಗೆ ಫೋನು. ವೈರಿನ ಕಥೆ ಹೇಳಿದೆ. ನಕ್ಕ. ಆಮೇಲೆ, "ಅಮ್ಮಾ, ಅಪ್ಪ ಟಿವಿ ವಾಲ್ಯೂಮು ಎಷ್ಟಿಡ್ತಾರೆ ಈಗ?"

ಯಾಕೆ ಕೇಳಿದೆ ಅಂತ ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಜುಲೈ 27, ಭಾನುವಾರ

ಇವರ ವಾಕಿಂಗ್ ಸ್ನೇಹಿತರೊಬ್ಬರ ಹತ್ತಿರ 9,000ದ ವೈರಿದೆಯಂತೆ. ಕೇಳಿ ತಂದರು. ಭಾರ ಇದೆ, ಒಡವೆ ಪೆಟ್ಟಿಗೆಯಂಥ ಡಬ್ಬಿ. ಡಿಗ್ರಿ ಹುಡುಗರ ಪ್ರಾಕ್ಟಿಕಲ್ ಮಾಡಿಸುವ ಹಾಗೇ ಮಾಡೋಣ ಅಂದೆ. ಒಪ್ಪಿದರು. ಅದು ಇವರ ದೊಡ್ಡಗುಣ.

ದಿವಾನದ ಮೇಲೆ ಇವರು, ಬೆನ್ನು ಈ ಕಡೆ. ನಾನು ಕಪಾಟಿನ ಹಿಂದೆ. ವಾಲ್ಯೂಮ್ ಗುಬುಟಿಗೆ ಕೈ ಹಚ್ಚುವ ಹಾಗಿಲ್ಲ. ವೈರು ಬದಲಾಯಿಸಿದೆನೋ, ಬದಲಾಯಿಸಿದ ಹಾಗೆ ನಟಿಸಿದೆನೋ ನಾನು ಹೇಳುವುದಿಲ್ಲ, ಕ್ಯಾಲೆಂಡರಿನ ಹಿಂದೆ ಗುರುತು ಹಾಕುತ್ತಾ ಹೋಗುವುದು. ಪ್ರತಿ ಸಲ ಆಂಪ್ಲಿಫೈಯರ್ ಆಫ್ ಮಾಡಿಯೇ. ಈ ಆರ್‌ಸಿಎ ಪ್ಲಗ್ಗಿನಲ್ಲಿ ನಡುವಿನ ಕಡ್ಡಿ ಮೊದಲು ತಾಗುತ್ತೆ, ನೆಲದ ಬಳೆ ಆಮೇಲೆ. ಆನ್ ಇದ್ದಾಗ ಚುಚ್ಚಿದರೆ ಸ್ಪೀಕರು ಬೊಬ್ಬೆ ಹೊಡೆಯುತ್ತೆ. ಗ್ರಾಮಫೋನನ್ನು ರೇಡಿಯೋಗೆ ಸೇರಿಸಲು ಅಮೆರಿಕದ ಕಂಪನಿಯೊಂದು ಮಾಡಿದ ಅಗ್ಗದ ಪ್ಲಗ್ಗು, ಲೋಕವೆಲ್ಲ ಅದನ್ನೇ ಹಿಡಿದುಕೊಂಡಿದೆ.

9,000ದ್ದಕ್ಕೂ ನನ್ನ 35ರದ್ದಕ್ಕೂ ಇವರಿಗೆ ಭೇದ ತಿಳಿಯಲಿಲ್ಲ. ಊಹೆ ಅರ್ಧ ಸರಿ, ಅರ್ಧ ತಪ್ಪು. ನನಗೂ ಅಷ್ಟೇ, ಜಾಗ ಅದಲುಬದಲು ಮಾಡಿ ನೋಡಿದೆವು. (ಅಳೆದಿದ್ದೆ. ಅದು ಮೀಟರಿಗೆ 95. ಹತ್ತಿರ ಹತ್ತಿರ ಒಂದೇ.)

ಆಮೇಲೆ ಹಳೆ ಪುಕ್ಕಟೆ ವೈರು. ಬುಡಕ್ಕೆ ಟೇಪು ಸುತ್ತಿ, ಬಟ್ಟೆ ಕ್ಲಿಪ್ಪು ಹಾಕಿ ಬಲಗಡೆ ಹಿಡಿಸಿದ್ದೆ.

ಅದನ್ನು ಒಂದು ಸಲವೂ ತಪ್ಪಲಿಲ್ಲ. "ಇದು. ಇದರಲ್ಲಿ ತಂಬೂರಿ ಇದೆ." ಪ್ರತಿ ಸಲ. ನಾನು ಸುಮ್ಮನೆ ನಟಿಸಿದಾಗ, "ಬದಲಾಯಿಸಿಲ್ಲ ನೀನು" ಅಂದರು.

ಕಿವಿ ಸುಳ್ಳು ಹೇಳುತ್ತಿಲ್ಲ. ಇವರಿಗೆ ಬೇಕಾದದ್ದು ಆ ಉಬ್ಬು.

ಜುಲೈ 30, ಬುಧವಾರ

ನಿದ್ದೆ ಬರಲಿಲ್ಲ. ಫೋನಿನಲ್ಲಿ ಸ್ವರ ಹೊರಡಿಸುವ ಆಪ್ ಇದೆ, ಹುಡುಗರಿಗೆ ಅನುರಣನ ತೋರಿಸಲು ಹಾಕಿಕೊಂಡದ್ದು. ಹೆಡ್‌ಫೋನ್ ಸಿಕ್ಕಿಸಿ ನನ್ನ ಕಿವಿ ನೋಡಿಕೊಂಡೆ. 12 ಸಾವಿರದ ಹತ್ತಿರ ನಿಲ್ಲುತ್ತೆ. ಐವತ್ತೆಂಟಕ್ಕೆ ಪರವಾಗಿಲ್ಲ. ಆದರೆ 15 ಸಾವಿರದವರೆಗೆ ನೆಟ್ಟಗೆ ಅಂತ ನಾನು ಹಿಗ್ಗಿದ್ದು ಯಾರ ಸಲುವಾಗಿ? ಈ ಮನೆಯಲ್ಲಿ ಅದನ್ನು ಕೇಳುವವರು ಬೆಕ್ಕು ಒಂದೇ.

ಬೆಳಿಗ್ಗೆ ಕಾಫಿ ಹೊತ್ತಿನಲ್ಲಿ ಇವರಿಗೆ ಹೆಡ್‌ಫೋನ್ ಕೊಟ್ಟೆ, ಆಟದ ಹಾಗೆ. 4 ಸಾವಿರ, ಹೂಂ. 6, ಸ್ವಲ್ಪ ಜೋರು ಮಾಡು. 8, ಇನ್ನೂ ಜೋರು.

10 ಸಾವಿರ ಹಾಕಿದೆ. ಕಾಯುತ್ತಾ ಕೂತರು. "ಹಾಕು" ಅಂದರು.

"ಹಾಕ್ತಿದೀನಿ."

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. "ನಿನ್ನ ಫೋನು ಸರಿಯಿಲ್ಲ." ಪೇಪರ್ ತೆಗೆದುಕೊಂಡರು.

ಆಗಸ್ಟ್ 3, ಭಾನುವಾರ

ಕ್ಯಾಸೆಟ್ ಡೆಕ್ಕಿಗೆ ಮಿಕ್ಕ ಆರ್‌ಜಿ-59ರಲ್ಲಿ ಇನ್ನೊಂದು ಜೊತೆ ಮಾಡಿದೆ, ಒಂದು ಮೀಟರಿನದು. ಇಲ್ಲಿ ತಕರಾರಿಲ್ಲ. ಡೆಕ್ಕಿನ ಔಟ್‌ಪುಟ್ ಇಂಪೀಡೆನ್ಸ್ ಒಂದು ಸಾವಿರ ಓಮ್ ಅಂತ ಇಟ್ಟುಕೊಂಡರೂ ವೈರಿನಿಂದ ಇಳಿತ ಶುರುವಾಗುವುದು ಇಪ್ಪತ್ಮೂರು ಲಕ್ಷ ಹರ್ಟ್ಜಿಗೆ. ಪುಕ್ಕಟೆ ವೈರು ಹಾಕಿದ್ದರೂ ನಾಲ್ಕು ಲಕ್ಷ. ಬಾವಲಿಗೂ ಬೇಡದಷ್ಟು. ಡೆಕ್ಕು, ಸಿಡಿ ಪ್ಲೇಯರು ಇವಕ್ಕೆ ವೈರು ಆರಿಸುವುದು ಅಂದರೆ ತಾಮ್ರ ಇದೆಯಾ, ಹೊದಿಕೆ ಇದೆಯಾ, ಪ್ಲಗ್ಗು ಬಿಗಿಯಾಗಿದೆಯಾ, ಅಷ್ಟೆ.

ಹೊದಿಕೆಯೂ ಬೇಕಾ ಅಂತ ನೋಡಲು ಕ್ಯಾಟ್-6ರ ಒಂದು ಜೋಡಿ ಎಳೆ ಹಾಕಿದೆ. ಡೆಕ್ಕಿನಲ್ಲಿ ಏನೂ ಕೇಳಲಿಲ್ಲ. ಸಿಡಿಯಲ್ಲೂ ಇಲ್ಲ, ಅದು ಎರಡು ವೋಲ್ಟು ಕೊಡುತ್ತೆ. ಟರ್ನ್‌ಟೇಬಲಿಗೆ ಹಾಕಿದ ಕೂಡಲೇ ಹಮ್ಮು. ಅದರ ಸಂಕೇತ ಸಿಡಿಯ ಐನೂರರಲ್ಲಿ ಒಂದು ಪಾಲು, ಗೋಡೆಯೊಳಗಿನ ಕರೆಂಟೆಲ್ಲ ಒಳಗೆ ನುಗ್ಗುತ್ತೆ. 50 ಹರ್ಟ್ಜು, ಅದರ ಮೇಲೆ 100. ಐದು ಮನೆಗೂ ಐದೂವರೆಗೂ ನಡುವೆ ಎಲ್ಲೋ ಬೀಳುತ್ತೆ, ಯಾವ ಶ್ರುತಿಗೂ ಕೂಡುವುದಿಲ್ಲ. ಇವರು ಒಳಗಿನಿಂದ ಕೂಗಿದರು: "ತೆಗಿಯೇ ಅದನ್ನ!"

ತಗ್ಗಿನ ಸದ್ದು ಎಷ್ಟು ಚೆನ್ನಾಗಿ ಕೇಳುತ್ತೆ.

ಆಗಸ್ಟ್ 7, ಗುರುವಾರ

ನಾಳೆ ವರಮಹಾಲಕ್ಷ್ಮಿ. ಇವತ್ತು ಮಾರ್ಕೆಟ್ ಕಡೆ ಹೋಗಬಾರದು, ಗೊತ್ತಿದ್ದೂ ಹೋದೆ. ಬಾಳೆಕಂದು, ತಾವರೆ, ಜನ. ಸ್ಟೇಷನ್ನಿನಿಂದ ಆಚೆ ಬರಲಿಕ್ಕೇ ಕಾಲು ಗಂಟೆ. ಮಲ್ಲಿಗೆ ಮೊಳಕ್ಕೆ ಕೇಳಿದ ಬೆಲೆಗೆ ಎರಡು ಮೀಟರ್ ಆರ್‌ಜಿ-59 ಬರುತ್ತೆ. ನನ್ನ ಬುದ್ಧಿ ಹೀಗಾಗಿದೆ.

ಅದೇ ಮುದುಕರು. ಈ ಸಲ ನನಗೇ ಉತ್ತರ ಹೇಳಿದರು. ಮೈಕ್ ಕೇಬಲ್ ನಾಲ್ಕು ಮೀಟರ್, ಪ್ಲಗ್ಗು ನಾಲ್ಕು.

"ಮೊದಲಿಂದು ಸರಿಹೋಗಲಿಲ್ವಾ?"

"ಸರಿಯಾಗೇ ಇತ್ತು."

ಆಗಸ್ಟ್ 10, ಭಾನುವಾರ

ಮೈಕ್ ಕೇಬಲ್, ಒಂದೂವರೆ ಮೀಟರ್. ಎರಡೂ ಎಳೆ ಸೇರಿಸಿ ಕಡ್ಡಿಗೆ, ಹೊದಿಕೆ ಬಳೆಗೆ. ಎರಡು ಎಳೆಯ ವೈರಿನಲ್ಲಿ ಹೊದಿಕೆಯನ್ನು ಒಂದೇ ತುದಿಗೆ ಕಟ್ಟುವ ಪದ್ಧತಿಯೂ ಇದೆ. ದುಬಾರಿ ವೈರಿನ ಮೇಲೆ ಬಾಣ ಹಾಕುವುದಕ್ಕೆ ಇರುವ ಒಂದೇ ಅರ್ಥವಿರುವ ಕಾರಣ ಅದು, ಕಟ್ಟಿದ ತುದಿ ಯಾವ ಕಡೆ ಅಂತ ತಿಳಿಯಲಿ ಎಂದು. ಆದರೆ ಹಾಗೆ ಕಟ್ಟಿದರೆ ಕೆಪ್ಯಾಸಿಟೆನ್ಸ್ ಬೇರೆಯಾಗುತ್ತೆ. ನನಗೆ ಬೇಕಾದದ್ದು ಜಾಸ್ತಿಯೇ.

ಅಳೆದರೆ 380. ಹಳೆಯದಕ್ಕೆ ಹತ್ತು ಕಡಿಮೆ. ಸಾಕು.

ಕಂಪನಿ 200 ಮೀರಬೇಡ ಅನ್ನುತ್ತೆ, ನಾನು 540ಕ್ಕೆ ತಂದು ನಿಲ್ಲಿಸಿದ್ದೇನೆ. ವಿದ್ಯಾರ್ಥಿ ಹೀಗೆ ಮಾಡಿದ್ದರೆ ಕೆಂಪು ಇಂಕಿನಲ್ಲಿ ಹೊಡೆದು ಹಾಕುತ್ತಿದ್ದೆ. ಪ್ರೀಆಂಪಿನಲ್ಲಿ ಟ್ರೆಬಲ್ ಗುಬುಟಿ ಇದ್ದಿದ್ದರೆ ಇದಾವುದೂ ಬೇಕಿರಲಿಲ್ಲ. ಇದ್ದರೂ ಇವರು ಮುಟ್ಟುತ್ತಿರಲಿಲ್ಲ; ಗುಬುಟಿ ತಿರುಗಿಸುವುದು ಅಂದರೆ ಕೇಳುವುದಿಲ್ಲ ಅಂತ ಒಪ್ಪಿದ ಹಾಗೆ. ವೈರು ಬದಲಾಯಿಸಿದರೆ ತಪ್ಪು ವೈರಿನದು.

ಆಗಸ್ಟ್ 15, ಶುಕ್ರವಾರ

ರಜೆ. ಧ್ವಜಾರೋಹಣ ಮುಗಿಸಿ ಬಂದಾಗ ಇವರು ಮೈಕ್ ಕೇಬಲ್ ಹಾಕಿಕೊಂಡು ಕೇಳುತ್ತಿದ್ದರು. ಯಾವುದು ಅಂತ ನಾನು ಹೇಳಿರಲಿಲ್ಲ. ಒಂದು ಬದಿ ಮುಗಿದ ಮೇಲೆ, "ಧಾರವಾಡದಲ್ಲಿ ಹೀಗೇ ಇತ್ತು" ಅಂದರು.

ನನಗೆ ‘ಸ’ ಚುಚ್ಚುತ್ತೆ. ಅಡುಗೆಮನೆಯಿಂದ ಕೇಳಿದರೆ ಅಷ್ಟು ಚುಚ್ಚುವುದಿಲ್ಲ.

ಇವರಿಗೆ ನಿಜವಾಗಿ ಯಾವುದು ಹೇಗೆ ಕೇಳುತ್ತೋ ನನಗೆ ತಿಳಿಯುವ ದಾರಿ ಇಲ್ಲ. ಕಿವಿ ಡಾಕ್ಟರ ಮಾತು ತೆಗೆಯಬೇಕು ಅಂದುಕೊಂಡು ಪಾಯಸ ಬಡಿಸಿದೆ. ಬಡಿಸುವಾಗ ಬೇರೇನೋ ಮಾತಾಡಿದೆವು.

ಆಗಸ್ಟ್ 16, ಶನಿವಾರ

ಮಾತು ತೆಗೆದೆ. "ಸೊಂಟದ ನೋವಿಗೆ ನೀನು ಮೊದಲು ಹೋಗು" ಅಂದರು. ನ್ಯಾಯವಾದ ಮಾತೇ.

ಆಗಸ್ಟ್ 17, ಭಾನುವಾರ

ಸ್ನೇಹಿತರ ವೈರು ಡಬ್ಬಿ ಸಮೇತ ವಾಪಸು. ನಾನು ಮಾಡಿದ್ದನ್ನು ನೋಡಿ ಅವರ ಮನೆಯವರೂ ಸಿಡಿ ಪ್ಲೇಯರಿಗೆ ಒಂದು ಜೊತೆ ಕೇಳಿದ್ದಾರೆ.

ಇದುವರೆಗಿನ ಖರ್ಚು: ಆರ್‌ಜಿ-59 ಐದು ಮೀಟರ್ 175, ಮೈಕ್ ಕೇಬಲ್ ಮೊದಲಿನ ಒಂದು ಮೀಟರೂ ಸೇರಿ ಐದು 225, ಕನಾರೆ 190, ಪ್ಲಗ್ಗು ಹನ್ನೆರಡು 720. ಒಟ್ಟು 1,310. ಅದರಲ್ಲಿ ಕನಾರೆಯ 190 ದಂಡ. ಅದು ಇನ್ನೂ ಸುರುಳಿಯಲ್ಲೇ ಇದೆ.

ಅವರ ಮನೆಯವರಿಗೆ ಹೇಳಿ ಕಳಿಸಿದ್ದು ಇಷ್ಟು: ಸಿಡಿಗೂ ಡೆಕ್ಕಿಗೂ ಹೆರೆದರೆ ಕೆಂಪಗಿರುವ ಯಾವ ಆರ್‌ಜಿ-59 ಆದರೂ ಸಾಕು, ಮೀಟರಿಗೆ ಮೂವತ್ತೈದಕ್ಕಿಂತ ಹೆಚ್ಚು ಕೊಡಬೇಡಿ, ಉಳಿದ ದುಡ್ಡನ್ನು ಪ್ಲಗ್ಗಿಗೆ ಹಾಕಿ.